ಎದೆಗೆ ಎಳೆಯುವ ಮದ್ದು ಎದೆಗೇ ಸೇರಲು

ಆರಿದ್ರಾ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಆಗುಂಬೆ ಕಡೆಯ ಹಳ್ಳಿಯ ಗೌಡರೊಬ್ಬರು ತೀರ್ಥಹಳ್ಳಿಯ ನಮ್ಮ ಔಷಧಿ ಅಂಗಡಿಗೆ ಬಂದರು. ಮೂರು ಮೆಟ್ಟಿಲು ಹತ್ತಿದ್ದಕ್ಕೇ ಕೌಂಟರ್ ಹಿಡಿದುಕೊಂಡು ಎರಡು ನಿಮಿಷ ನಿಂತರು. ಉಸಿರು ಹದಕ್ಕೆ ಬಂದ ಮೇಲೆ, "ಒಂದ್ ತಿಂಗ್ಳಾತು ಮಾರಾಯ್ರೆ, ದಿನಾ ಬೆಳಿಗ್ಗೆ ತಪ್ಪಿಸ್ದೆ ತಗಂಡೆ. ಉಬ್ಸ ಒಂಚೂರೂ ಕಮ್ಮಿ ಆಗ್ಲಿಲ್ಲ" ಅಂದರು. ಹೇಗೆ ತಗೊಂಡ್ರಿ ಅಂತ ಕೇಳಿದೆ. "ಹೆಂಗೆ ಅಂದ್ರೆ? ಕಾಫಿ ಕುಡ್ದು ಬಿಸಿನೀರಲ್ಲಿ ನುಂಗ್ದೆ."

ಚೀಲದಿಂದ ಅವರು ತೆಗೆದದ್ದು ಶ್ವಾಸನಾಳ ಸಡಿಲಿಸುವ ಟಯೋಟ್ರೋಪಿಯಂ ಕ್ಯಾಪ್ಸುಲ್‌ಗಳ ಖಾಲಿ ಡಬ್ಬಿ. ಜೊತೆಗೆ ಕೊಟ್ಟಿದ್ದ, ಒಳಗಿನ ಪುಡಿಯನ್ನು ಬಾಯಿಂದ ಎಳೆದುಕೊಳ್ಳುವ ಪುಟ್ಟ ಯಂತ್ರ ರೋಟಾಹೇಲರ್ ಇನ್ನೂ ತನ್ನ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಕೊಟ್ಟವನು ನಾನೇ. ಸಂತೆ ದಿನದ ಗಡಿಬಿಡಿಯಲ್ಲಿ "ಎಳೆದುಕೊಳ್ಳೋದು" ಅಂತ ಬಾಯಲ್ಲಿ ಹೇಳಿದ್ದೆ, ಮಾಡಿ ತೋರಿಸಿರಲಿಲ್ಲ.

ಬೇರೆ ಎಷ್ಟೋ ಔಷಧಿಗಳು ದಾರಿ ತಪ್ಪಿ ಹೊಟ್ಟೆಗೆ ಹೋದರೂ ಅಷ್ಟಿಷ್ಟು ಕೆಲಸ ಮಾಡುತ್ತವೆ. ಇದು ಮಾಡದು. ನುಂಗಿದ ಟಯೋಟ್ರೋಪಿಯಂನಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಯಾಕೆ ಹೀಗೆ ಅನ್ನುವುದು ತಿಳಿದರೆ, ಮುಂದೆ ಹೇಳುವ ಹೆಜ್ಜೆಗಳನ್ನು ಉರು ಹೊಡೆಯಬೇಕಾಗಿಲ್ಲ. ಹಾಗಾಗಿ ಮೊದಲು ಸ್ವಲ್ಪ ರಸಾಯನಶಾಸ್ತ್ರ.

ನಾಲ್ಕೂ ಕೈ ತುಂಬಿದ ಸಾರಜನಕ

ಅಮೋನಿಯಾದಲ್ಲಿ ಒಂದು ಸಾರಜನಕ ಪರಮಾಣು ಮೂರು ಹೈಡ್ರೋಜನ್‌ಗಳನ್ನು ಹಿಡಿದುಕೊಂಡಿರುತ್ತದೆ. ಅದರ ಬಳಿ ಯಾರಿಗೂ ಕೊಡದೆ ಉಳಿಸಿಕೊಂಡ ಒಂದು ಜೋಡಿ ಎಲೆಕ್ಟ್ರಾನ್ ಕೂಡ ಇದೆ. ಮೂರೂ ಹೈಡ್ರೋಜನ್‌ಗಳ ಜಾಗಕ್ಕೆ ಇಂಗಾಲದ ಗುಂಪುಗಳು ಬಂದರೆ ಅದು ಟರ್ಷಿಯರಿ ಅಮೀನ್. ಇದು ಸಮಯ ನೋಡಿ ನಡೆಯುವ ಜಾತಿ: ಆಮ್ಲ ಸಿಕ್ಕಿದಾಗ ಒಂದು ಪ್ರೋಟಾನ್ ಹಿಡಿದು ಧನ ವಿದ್ಯುದಂಶ ಹೊರುತ್ತದೆ, ಸಂದರ್ಭ ಬದಲಾದರೆ ಅದನ್ನು ಕೆಳಗಿಳಿಸಿ ತಟಸ್ಥವಾಗುತ್ತದೆ. ಆದರೆ ಆ ಉಳಿದ ಎಲೆಕ್ಟ್ರಾನ್ ಜೋಡಿಗೂ ನಾಲ್ಕನೆಯ ಇಂಗಾಲವೊಂದು ಬಂದು ಕಟ್ಟಿಕೊಂಡಿತು ಅನ್ನಿ. ಆಗ ಸಾರಜನಕದ ನಾಲ್ಕೂ ಕೈ ತುಂಬಿತು. ಕೆಳಗಿಳಿಸಲು ಪ್ರೋಟಾನೇ ಇಲ್ಲ. ಧನ ವಿದ್ಯುದಂಶ ಕಾಯಂ. ಇದೇ ಕ್ವಾಟರ್ನರಿ ಅಮೋನಿಯಂ. ಅದರ ಜೋಡಿಗೆ ಒಂದು ಋಣ ಅಯಾನು ಬೇಕಲ್ಲ, ಡಬ್ಬಿಯ ಮೇಲೆ ಹೆಸರಿನ ಬಾಲಕ್ಕೆ ಕಾಣುವ 'ಬ್ರೋಮೈಡ್' ಅದೇ.

ಕಾಯಂ ವಿದ್ಯುದಂಶ ಇದ್ದರೆ ಏನಾಗುತ್ತದೆ? ಅಡುಗೆಮನೆಯಲ್ಲೇ ನೋಡಬಹುದು. ಒಂದು ಚಮಚ ಕೊಬ್ಬರಿ ಎಣ್ಣೆಗೆ ಚಿಟಿಕೆ ಉಪ್ಪು ಹಾಕಿ ಕದಡಿ. ಎಷ್ಟು ಕದಡಿದರೂ ಉಪ್ಪು ತಳದಲ್ಲೇ. ಅದೇ ಹಲಸಿನ ಮೇಣ ನೀರಿಗೆ ಜಗ್ಗದು, ಎಣ್ಣೆ ಸವರಿದರೆ ಕೈ ಬಿಡುತ್ತದೆ. ನಮ್ಮ ಜೀವಕೋಶಗಳ ಪೊರೆ ಕೊಬ್ಬಿನದು. ಮೇಣದಂಥ ಅಣುಗಳು ಅದರೊಳಗೆ ನುಸುಳುತ್ತವೆ, ಉಪ್ಪಿನಂಥವು ಬಾಗಿಲಲ್ಲೇ ನಿಲ್ಲುತ್ತವೆ. ಕರುಳಿನ ಗೋಡೆ ದಾಟಿ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ದಾರಿ ಕ್ವಾಟರ್ನರಿ ಔಷಧಿಗೆ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಗೌಡರು ನುಂಗಿದ ಮದ್ದು ಎದೆಗೆ ಬಾರದ್ದಕ್ಕೆ ಇದು ಕಾರಣ.

ಇದನ್ನು ದೋಷ ಅಂದುಕೊಳ್ಳಬೇಡಿ. ಬೇಕೆಂದೇ ಹಾಗೆ ಮಾಡಿದ್ದಾರೆ.

ಬೇಲಿ ಬದಿಯ ಉಮ್ಮತ್ತಿಯಿಂದ ಶುರುವಾದದ್ದು

ನಮ್ಮ ಗದ್ದೆಬೇಲಿ, ರಸ್ತೆಬದಿಗಳಲ್ಲಿ ಬೆಳೆಯುವ ಉಮ್ಮತ್ತಿ, ಕೆಲವರ ಬಾಯಲ್ಲಿ ದತ್ತೂರಿ, ಮುಳ್ಳುಕಾಯಿಯ ಗಿಡ. ಅದರ ಒಣಗಿದ ಎಲೆ, ಬೇರುಗಳ ಹೊಗೆ ಎಳೆದರೆ ಉಬ್ಬಸ ಇಳಿಯುತ್ತದೆ ಅನ್ನುವುದು ಈ ದೇಶದಲ್ಲಿ ಹಳೆಯ ತಿಳಿವಳಿಕೆ. 1802ರಲ್ಲಿ ಅದು ಮದ್ರಾಸಿನಿಂದ ಬ್ರಿಟನ್ನಿಗೆ ಹೋಯಿತು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಅಲ್ಲಿನ ಅಂಗಡಿಗಳಲ್ಲಿ ಈ ಜಾತಿಯ ಎಲೆ ತುಂಬಿದ 'ಆಸ್ತಮಾ ಸಿಗರೇಟು' ಮಾರಾಟವಾಗುತ್ತಿತ್ತು. ಒಳಗಿದ್ದದ್ದು ಅಟ್ರೋಪಿನ್, ಸ್ಕೋಪಾಲಮಿನ್ ಜಾತಿಯ ಟರ್ಷಿಯರಿ ಅಮೀನ್‌ಗಳು. ಅವು ಶ್ವಾಸನಾಳವನ್ನೂ ಸಡಿಲಿಸುತ್ತವೆ, ಮಿದುಳಿಗೂ ನುಗ್ಗುತ್ತವೆ. ಕಣ್ಣುಪಾಪೆ ಹಿಗ್ಗಿ, ಬಾಯಿ ಒಣಗಿ, ಇಲ್ಲದ್ದು ಕಂಡು ಮಾತನಾಡತೊಡಗಿದವರನ್ನು ಹಳ್ಳಿಯವರು ನೋಡಿಯೇ ಇರುತ್ತಾರೆ. ಸಂಸ್ಕೃತದಲ್ಲಿ ಗಿಡದ ಹೆಸರೇ 'ಉನ್ಮತ್ತ'. ದಯವಿಟ್ಟು ಇದನ್ನು ಓದಿ ಬೇಲಿ ಕಡೆ ಹೋಗಬೇಡಿ. ಒಂದು ಗಿಡಕ್ಕೂ ಇನ್ನೊಂದಕ್ಕೂ ವಿಷದ ಪ್ರಮಾಣ ಒಂದೇ ಇರುವುದಿಲ್ಲ.

ಸಾರಜನಕಕ್ಕೆ ನಾಲ್ಕನೆಯ ಕೈ ಕಟ್ಟಿದರೆ ಮದ್ದಿನ ಸ್ವಭಾವವೇ ಬದಲಾಗುತ್ತದೆ ಅನ್ನುವುದನ್ನು ಎಡಿನ್‌ಬರೋದಲ್ಲಿ ಕ್ರಮ್ ಬ್ರೌನ್ ಮತ್ತು ಫ್ರೇಸರ್ ಎಂಬ ವಿಜ್ಞಾನಿಗಳು 1868ರಲ್ಲೇ ತೋರಿಸಿದ್ದರು. ಅವರು ಹಿಡಿದದ್ದೂ ನಮ್ಮ ಕಾಡಿನ ಪರಿಚಯದ ಸರಕೇ: ಕಾಸರಕದ ಬೀಜದ ಸ್ಟ್ರಿಕ್ನಿನ್. ಸ್ಟ್ರಿಕ್ನಿನ್ ಮೈಯನ್ನು ಸೆಟೆಸಿ ಕೊಲ್ಲುವ ವಿಷ. ಅದಕ್ಕೆ ಒಂದು ಮೀಥೈಲ್ ಗುಂಪು ಸೇರಿಸಿದೊಡನೆ ಸೆಟೆತ ಹೋಗಿ, ಬದಲಿಗೆ ಸ್ನಾಯುಗಳು ಸೋತು ಬೀಳತೊಡಗಿದವು. ಅಂದರೆ ಕ್ವಾಟರ್ನರಿ ಆದೊಡನೆ ವಿಷ ಹೋಗುವುದಿಲ್ಲ, ಅದು ಕೆಲಸ ಮಾಡುವ ಜಾಗ ಬದಲಾಗುತ್ತದೆ.

ಅಟ್ರೋಪಿನ್‌ಗೆ ಇದೇ ಉಪಾಯ. ಅದರ ಸಾರಜನಕಕ್ಕೆ ಐಸೋಪ್ರೊಪೈಲ್ ಗುಂಪು ಕಟ್ಟಿದರೆ ಇಪ್ರಾಟ್ರೋಪಿಯಂ. ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಕಂಪನಿಯಿಂದ 1970ರ ದಶಕದಲ್ಲಿ ಬಳಕೆಗೆ ಬಂತು. ಅದೇ ಕಂಪನಿಯ ಟಯೋಟ್ರೋಪಿಯಂಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2004ರಲ್ಲಿ. ಅದರ ಸಾರಜನಕಕ್ಕೆ ಎರಡು ಮೀಥೈಲ್ ಗುಂಪುಗಳು, ಇನ್ನೊಂದು ತುದಿಗೆ ಗಂಧಕ ಇರುವ ಎರಡು ಥಯೋಫೀನ್ ಬಳೆಗಳು.

ಇವು ಮಾಡುವ ಕೆಲಸ ಇಷ್ಟು. ಶ್ವಾಸನಾಳದ ಸುತ್ತಲಿನ ಸ್ನಾಯುವಿಗೆ 'ಬಿಗಿ ಹಿಡಿ' ಅಂತ ನರ ಹೇಳಿಕಳಿಸುವುದು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಮೂಲಕ. ಕಫ ಸುರಿಸು ಅನ್ನುವುದೂ ಅದರದೇ ಅಪ್ಪಣೆ. ತಮಾಷೆ ಏನೆಂದರೆ ಅಸಿಟೈಲ್‌ಕೋಲಿನ್ ಕೂಡ ಕ್ವಾಟರ್ನರಿ ಅಮೋನಿಯಂ ಸಂಯುಕ್ತವೇ. ಸ್ನಾಯುವಿನ ಮೇಲೆ ಅದು ಕೂರಬೇಕಾದ ಜಾಗಕ್ಕೆ ಎಂ3 ಗ್ರಾಹಿ ಅಂತ ಹೆಸರು; ಅದರ ಮೇಲೆ ನಮ್ಮ ಔಷಧಿ ಮೊದಲೇ ಹೋಗಿ ಕೂತುಬಿಡುತ್ತದೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಇಪ್ರಾಟ್ರೋಪಿಯಂ ನಾಲ್ಕರಿಂದ ಆರು ಗಂಟೆಯಲ್ಲಿ ಎದ್ದು ಹೋಗುತ್ತದೆ. ಟಯೋಟ್ರೋಪಿಯಂ ಬಿಡುವುದು ಬಲು ನಿಧಾನ, ದಿನಕ್ಕೆ ಒಂದೇ ಸಲ ಸಾಕಾಗುವುದು ಅದಕ್ಕೇ.

ಪ್ರಮಾಣ ಕೇಳಿದರೆ ನಂಬಲಿಕ್ಕೆ ಆಗುವುದಿಲ್ಲ. ಒಂದು ಕ್ಯಾಪ್ಸುಲ್‌ನಲ್ಲಿ ಟಯೋಟ್ರೋಪಿಯಂ ಇರುವುದು 18 ಮೈಕ್ರೋಗ್ರಾಂ. ಒಂದು ಗುಲಗಂಜಿ ತೂಕ ಅಂದರೆ ಸುಮಾರು 120 ಮಿಲಿಗ್ರಾಂ. ಗುಲಗಂಜಿಯಷ್ಟು ಔಷಧಿ ಒಬ್ಬರಿಗೆ ದಿನಕ್ಕೊಂದರಂತೆ ಹದಿನೆಂಟು ವರ್ಷ ಬರುತ್ತದೆ. ಕಣ್ಣಿಗೆ ಕಾಣುವ ಬಿಳಿ ಪುಡಿ ಹೆಚ್ಚುಕಡಿಮೆ ಎಲ್ಲವೂ ಲ್ಯಾಕ್ಟೋಸ್, ಹಾಲಿನ ಸಕ್ಕರೆ. "ಸಿಹಿ ಹತ್ತಿತು, ಮದ್ದು ಒಳಗೆ ಹೋಯ್ತು" ಅನ್ನುವವರಿಗೆ ನಾನು ಹೇಳುವುದು: ಸಿಹಿ ಹತ್ತಿದ್ದು ನಾಲಿಗೆಗೆ. ಹೋಗಬೇಕಾಗಿದ್ದದ್ದು ಎದೆಗೆ.

ಕೈಗೆತ್ತಿಕೊಳ್ಳುವ ಮೊದಲು

ಡಬ್ಬಿಯ ಮೇಲಿನ ಹೆಸರು ಓದಿ, ಅಥವಾ ಮಕ್ಕಳ ಕೈಲಿ ಓದಿಸಿ. ಟಯೋಟ್ರೋಪಿಯಂ, ಗ್ಲೈಕೋಪಿರೋನಿಯಂ ಅಂತಿದ್ದರೆ ಅದು ದಿನನಿತ್ಯದ್ದು. ಉಬ್ಬಸ ಇರಲಿ ಬಿಡಲಿ, ವೈದ್ಯರು ಹೇಳಿದಷ್ಟು ದಿನ ಅದೇ ಹೊತ್ತಿಗೆ ತೆಗೆದುಕೊಳ್ಳುವುದು. ರಾತ್ರಿ ಎರಡು ಗಂಟೆಗೆ ದಮ್ಮು ಕಟ್ಟಿ ಎದ್ದು ಕೂತಾಗ ಇದನ್ನು ಎಳೆದರೆ ಆ ಹೊತ್ತಿಗೆ ಪ್ರಯೋಜನ ಇಲ್ಲ. ಆಗ ಬೇಕಾದದ್ದು ಸಾಲ್ಬುಟಮಾಲ್ ಅಥವಾ ಲೆವೋಸಾಲ್ಬುಟಮಾಲ್. ಡುಯೋಲಿನ್‌ನಂಥವುಗಳಲ್ಲಿ ಲೆವೋಸಾಲ್ಬುಟಮಾಲ್ ಜೊತೆಗೆ ಇಪ್ರಾಟ್ರೋಪಿಯಂ ಬೆರೆಸಿರುತ್ತಾರೆ. ಮೊದಲನೆಯದು ಬೇಗ ಹಿಡಿಯುತ್ತದೆ, ಇಪ್ರಾಟ್ರೋಪಿಯಂ ಕಾಲು ಗಂಟೆ ತಡೆದು ಕೈಸೇರಿಸುತ್ತದೆ. ಯಾವುದು ದಿನದ್ದು, ಯಾವುದು ತುರ್ತಿನದ್ದು ಅಂತ ಎರಡು ಡಬ್ಬಿಗೂ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿಡಿ. ನಾನು ಅಂಗಡಿಯಲ್ಲೇ ಬರೆದುಕೊಡುತ್ತೇನೆ.

ಪುಡಿ ಎಳೆಯುವುದು

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ನೆನಪು ಮಾಡಿಕೊಳ್ಳಿ. ಮೈಲುತುತ್ತ, ಸುಣ್ಣ, ರಾಳ ಎಲ್ಲ ಲೆಕ್ಕ ಹಾಕಿ ಬೆರೆಸಿ, ಕೊನೆಗಾರ ಮರ ಏರಿ ಮರದ ಕಾಂಡಕ್ಕೆ ಹೊಡೆದು ಇಳಿದರೆ ಏನು ಬಂತು? ಹನಿ ಕೂರಬೇಕಾದದ್ದು ಅಡಿಕೆ ಕೊನೆಯ ಮೇಲೆ. ಆ ಬೋರ್ಡೋ ದ್ರಾವಣ ಕಾಂಡದಿಂದ ಹರಿದು ಕೊನೆಗೆ ಹೋಗುವುದಿಲ್ಲ. ಟಯೋಟ್ರೋಪಿಯಂ ಗಂಟಲಿನಿಂದ ಹರಿದು ಶ್ವಾಸಕೋಶಕ್ಕೆ ಹೋಗುವುದಿಲ್ಲ. ಬಿದ್ದಲ್ಲಿ ಬಿತ್ತು.

ಕೈ ಒರೆಸಿಕೊಳ್ಳಿ, ಪೂರ್ತಿ ಒಣಗಿರಬೇಕು. ನೆಟ್ಟಗೆ ಕುಳಿತುಕೊಳ್ಳಿ ಅಥವಾ ನಿಲ್ಲಿ. ಕ್ಯಾಪ್ಸುಲ್ ಅನ್ನು ಆ ಕ್ಷಣದಲ್ಲೇ ಹಾಳೆಯಿಂದ ಬಿಡಿಸಿ. ನಾಳಿನದನ್ನು ಇವತ್ತೇ ಬಿಡಿಸಿ ಇಟ್ಟುಕೊಳ್ಳುವುದು ಬೇಡ.

ರೋಟಾಹೇಲರ್ ನೆಟ್ಟಗೆ ಹಿಡಿದು, ಅದರ ಚೌಕದ ತೂತಿಗೆ ಕ್ಯಾಪ್ಸುಲ್‌ನ ಪಾರದರ್ಶಕ ತುದಿ ಕೆಳಗೆ ಬರುವಂತೆ ಒತ್ತಿ. ತೂತಿನ ಅಂಚಿಗೆ ಸಮ ಆಗುವವರೆಗೆ ಒತ್ತಬೇಕು. ಆಮೇಲೆ ತಳವನ್ನು ಪೂರ್ತಿ ತಿರುಗಿಸಿ. ಒಳಗೆ ಕ್ಯಾಪ್ಸುಲ್ ಎರಡು ಹೋಳಾಗಿ ಪುಡಿ ಉದುರುತ್ತದೆ. ಅರ್ಧ ತಿರುಗಿಸಿ ನಿಲ್ಲಿಸಿದರೆ ಹೋಳಾಗುವುದಿಲ್ಲ, ಗಾಳಿ ಮಾತ್ರ ಎಳೆದಂತಾಗುತ್ತದೆ. ರಿವೊಲೈಸರ್ ಅನ್ನುವ ಇನ್ನೊಂದು ಬಗೆಯ ಯಂತ್ರ ಆದರೆ ಕ್ಯಾಪ್ಸುಲ್ ಕೂರಿಸಿ ಮುಚ್ಚಳ ಗಟ್ಟಿಯಾಗಿ ಮುಚ್ಚಿದರೆ ಸಾಕು, ಒಳಗಿನ ಸೂಜಿಗಳು ತೂತು ಮಾಡುತ್ತವೆ. ಬೆರಳ ಬಲ ಕಮ್ಮಿಯಾದ ಹಿರಿಯರಿಗೆ ನನ್ನ ಮಟ್ಟಿಗೆ ಇದೇ ವಾಸಿ.

ಈಗ ಮುಖ ಪಕ್ಕಕ್ಕೆ ತಿರುಗಿಸಿ ಉಸಿರನ್ನು ಹೊರಗೆ ಬಿಡಿ, ಎಷ್ಟು ಬಿಡಲಾಗುತ್ತದೋ ಅಷ್ಟು. ಯಂತ್ರದೊಳಗೆ ಮಾತ್ರ ಊದಬಾರದು. ಅಜ್ಜಿಯೊಬ್ಬರಿಗೆ ತೋರಿಸಿಕೊಟ್ಟು, "ಎಲ್ಲಿ ಮಾಡಿ ನೋಡಣ ಅಮ್ಮ" ಅಂದೆ. ಐವತ್ತು ವರ್ಷ ಊದುಗೊಳವೆ ಹಿಡಿದ ಕೈ, ಬಾಯಿಗಿಟ್ಟೊಡನೆ ಒಲೆಗೆ ಊದಿದ ಹಾಗೆ ಊದಿಬಿಟ್ಟರು. ಪುಡಿ ಎಲ್ಲ ಸೆರಗಿನ ಮೇಲೆ. ಇಬ್ಬರೂ ನಕ್ಕೆವು. ನಮ್ಮಲ್ಲಿ ಎಷ್ಟೋ ಹೆಂಗಸರ ಎದೆ ಕೆಟ್ಟದ್ದು ಬೀಡಿಯಿಂದ ಅಲ್ಲ, ಆ ಒಲೆಯ ಹೊಗೆಯಿಂದ, ಬಚ್ಚಲ ಹಂಡೆಯ ಉರಿಯಿಂದ, ಅಡಿಕೆ ಬೇಯಿಸುವ ದಿನಗಳಿಂದ. ಹೊಗೆಗೂಡು ಸರಿ ಮಾಡಿಸದೆ ಬರೀ ಕ್ಯಾಪ್ಸುಲ್ ಮೇಲೆ ಭಾರ ಹಾಕುವವರಿಗೆ ನಾನು ಇದನ್ನು ಪ್ರತಿ ಸಲವೂ ಹೇಳುತ್ತೇನೆ, ಕೇಳುವವರು ಕಮ್ಮಿ.

ಉಸಿರು ಬಿಟ್ಟಾಯಿತಲ್ಲ, ಬಾಯಿಭಾಗವನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ. ನಾಲಿಗೆ ಅಡ್ಡ ಬರದಿರಲಿ. ತಲೆ ತುಸು ಹಿಂದಕ್ಕೆ. ಒಂದೇ ಎಳೆತಕ್ಕೆ, ಜೋರಾಗಿ, ಆಳವಾಗಿ ಬಾಯಿಂದಲೇ ಎಳೆಯಿರಿ. ಪುಡಿಯನ್ನು ಒಡೆದು ಸಣ್ಣ ಕಣ ಮಾಡುವ ಬೇರೆ ಯಂತ್ರ ಒಳಗಿಲ್ಲ, ನಿಮ್ಮ ಉಸಿರಿನ ವೇಗವೇ ಆ ಕೆಲಸ ಮಾಡಬೇಕು. ಬಾಯಿಂದ ತೆಗೆದು, ಬಾಯಿ ಮುಚ್ಚಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಹತ್ತು ಆಗದಿದ್ದರೆ ಆದಷ್ಟು. ನಿಧಾನ ಬಿಡಿ.

ಟಯೋಟ್ರೋಪಿಯಂಗೆ ಅದೇ ಕ್ಯಾಪ್ಸುಲ್‌ನಿಂದ ಎರಡನೆಯ ಎಳೆತವೂ ಬೇಕು, ಹೊಸದು ಹಾಕುವುದಲ್ಲ. ಆಮೇಲೆ ಬಿಚ್ಚಿ ನೋಡಿ. ಹೋಳುಗಳಲ್ಲಿ ಪುಡಿ ಉಳಿದಿದ್ದರೆ ಇನ್ನೊಂದು ಸಲ ಎಳೆಯಿರಿ. ದಿನಾ ಪುಡಿ ಉಳಿಯುತ್ತಿದ್ದರೆ ಎಳೆಯುವ ಶಕ್ತಿ ಸಾಲುತ್ತಿಲ್ಲ ಅಂತ ಅರ್ಥ. ವೈದ್ಯರಿಗೆ ಹೇಳಿ, ಒತ್ತಿದರೆ ಔಷಧಿ ಚಿಮ್ಮುವ ಪಂಪಿಗೆ ಬದಲಾಯಿಸುತ್ತಾರೆ. ಕೊನೆಗೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿಯಿರಿ, ಕೈ ತೊಳೆಯಿರಿ. ಪುಡಿ ಹತ್ತಿದ ಬೆರಳು ಕಣ್ಣಿಗೆ ಹೋಗಬಾರದು.

ಪಂಪ್ ಮತ್ತು ನೆಬುಲೈಸರ್

ಪಂಪಿನ ರೀತಿ ಪುಡಿಗೆ ಪೂರ್ತಿ ಉಲ್ಟಾ, ಎರಡೂ ಇಟ್ಟುಕೊಂಡವರು ಎಡವುವುದು ಇಲ್ಲೇ. ಪಂಪ್ ತಾನೇ ರಭಸದಿಂದ ಚಿಮ್ಮುತ್ತದೆ, ನೀವೂ ರಭಸ ಮಾಡಿದರೆ ಎಲ್ಲ ಗಂಟಲ ಹಿಂಗೋಡೆಗೆ ಬಡಿಯುತ್ತದೆ. ಚೆನ್ನಾಗಿ ಕುಲುಕಿ, ಉಸಿರು ಬಿಟ್ಟು, ಎಳೆಯಲು ಶುರು ಮಾಡಿದ ಕೂಡಲೇ ಒಮ್ಮೆ ಒತ್ತಿ, ನಾಲ್ಕೈದು ಸೆಕೆಂಡು ನಿಧಾನಕ್ಕೆ ಎಳೆಯುತ್ತಲೇ ಇರಿ. ಹತ್ತು ಎಣಿಸಿ. ಎರಡನೆಯದಕ್ಕೆ ಅರ್ಧ ನಿಮಿಷ ಬಿಡುವು. ಒತ್ತುವುದೂ ಎಳೆಯುವುದೂ ಹೊಂದದಿದ್ದರೆ, ಬಹಳ ಜನಕ್ಕೆ ಹೊಂದುವುದಿಲ್ಲ, ಸ್ಪೇಸರ್ ತೆಗೆದುಕೊಳ್ಳಿ, ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ ಅದು. ಸ್ಪೇಸರ್ ತೊಳೆದ ಮೇಲೆ ಬಟ್ಟೆಯಲ್ಲಿ ಉಜ್ಜಬೇಡಿ. ಉಜ್ಜಿದ ಪ್ಲಾಸ್ಟಿಕ್‌ಗೆ ಸ್ಥಿರವಿದ್ಯುತ್ ಹತ್ತಿ, ಔಷಧಿಯ ಹನಿಗಳನ್ನು ಗೋಡೆಗೇ ಎಳೆದುಕೊಳ್ಳುತ್ತದೆ.

ನೆಬುಲೈಸರ್‌ಗೆ ನಮ್ಮ ಕಡೆ 'ಸ್ಟೀಮ್ ಕೊಡೋದು' ಅಂತಾರೆ, ಆದರೆ ಅದು ಹಬೆಯಲ್ಲ, ತಣ್ಣನೆಯ ಮಂಜು. ಬಾವಿ ನೀರು, ಬಿಸ್ಲೇರಿ ನೀರು ಯಾವುದನ್ನೂ ಬೆರೆಸಬೇಡಿ. ತೆಳು ಮಾಡಲು ಹೇಳಿದ್ದರೆ ಸ್ಟೆರೈಲ್ ನಾರ್ಮಲ್ ಸಲೈನ್ ಮಾತ್ರ. ಮುಖವಾಡ ಸಡಿಲ ಇದ್ದರೆ ಇಪ್ರಾಟ್ರೋಪಿಯಂ ಮಂಜು ಮೇಲೆದ್ದು ಕಣ್ಣಿಗೆ ಹೋಗುತ್ತದೆ, ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ. ಗ್ಲಾಕೋಮಾ ಇರುವವರಿಗೆ ಕಣ್ಣೊತ್ತಡ ತಟ್ಟನೆ ಏರಿ ಅಪಾಯವಾಗಬಹುದು. ಅಂಥವರು ಬಾಯಿಗಿಡುವ ಕೊಳವೆ ಕೇಳಿ ಪಡೆಯಬೇಕು.

ಯಾರು ಮೊದಲೇ ಬಾಯಿಬಿಡಬೇಕು

ಮೂತ್ರ ಕಟ್ಟುವ ತೊಂದರೆ, ಪ್ರಾಸ್ಟೇಟ್ ಊತ ಇರುವ ಗಂಡಸರು ಅದನ್ನು ವೈದ್ಯರಿಗೆ ಹೇಳದೆ ಈ ಔಷಧಿ ಶುರು ಮಾಡಬಾರದು. ಅಸಿಟೈಲ್‌ಕೋಲಿನ್ ತಡೆದರೆ ಮೂತ್ರಚೀಲವೂ ಮೈಗಳ್ಳ ಆಗುತ್ತದೆ. ರಕ್ತಕ್ಕೆ ಸೇರುವ ಅಲ್ಪಸ್ವಲ್ಪವೂ ಹೊರಹೋಗುವುದು ಮೂತ್ರಪಿಂಡದಿಂದ, ಹಾಗಾಗಿ ಕಿಡ್ನಿ ಕುಂದಿದವರೂ ಹೇಳಬೇಕು. ಹಾಲಿನ ಪ್ರೋಟೀನಿನ ತೀವ್ರ ಅಲರ್ಜಿ ಇದ್ದವರು ಪುಡಿಯ ಲ್ಯಾಕ್ಟೋಸ್ ವಿಷಯ ಕೇಳಿಕೊಳ್ಳಿ. ಬಾಯಿ ಒಣಗುವುದು ಸಾಮಾನ್ಯ, ಅದಕ್ಕೆ ಹೆದರಿ ಬಿಡಬೇಡಿ. ಎರಡು ಆಸ್ಪತ್ರೆಗೆ ಹೋಗುವವರು ಚೀಟಿ ಎರಡೂ ಕಡೆ ತೋರಿಸಿ. ಟಯೋಟ್ರೋಪಿಯಂ ದಿನಾ ಎಳೆಯುತ್ತಿರುವಾಗ ಮನೆಗೆ ಇಪ್ರಾಟ್ರೋಪಿಯಂ ಕೂಡ ಬರೆದುಕೊಟ್ಟಿದ್ದರೆ, ಒಂದೇ ಸೀಟಿಗೆ ಎರಡು ಟವೆಲ್ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು, ತುಟಿ ಉಗುರು ನೀಲಿ, ತುರ್ತಿನ ಪಂಪಿಗೂ ಜಗ್ಗದ ಉಬ್ಬಸ, ಇವುಗಳಿಗೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ನೆಟ್‌ವರ್ಕ್, ರಸ್ತೆ ಎರಡೂ ನಂಬುವ ಹಾಗಿಲ್ಲ. ಯಾರ ಮನೆಯ ಜೀಪು ಹೊರಡುತ್ತದೆ ಅಂತ ಮುಂಗಾರಿಗೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಇದೇ ಕುಲದ ಬೇರೆ ಔಷಧಿಗಳು ನಿಮ್ಮ ಮನೆಗೆ ಬಂದೇ ಇರುತ್ತವೆ. ಹೊಟ್ಟೆ ನುಲಿತಕ್ಕೆ ಕೊಡುವ ಹಯೋಸಿನ್ ಬ್ಯೂಟೈಲ್‌ಬ್ರೋಮೈಡ್ ಕ್ವಾಟರ್ನರಿ. ಅದು ಕರುಳಲ್ಲೇ ಉಳಿಯುವುದು ಅಲ್ಲಿ ಅನುಕೂಲ, ಆದ್ದರಿಂದ ಅದರ ಮಾತ್ರೆಯನ್ನು ನುಂಗುವುದೇ ಸರಿ. ನಾಗರ ಕಚ್ಚಿ ರೆಪ್ಪೆ ಜೋತವರಿಗೆ ಆಸ್ಪತ್ರೆಯಲ್ಲಿ ವಿಷನಿರೋಧಕದ ಜೊತೆ ಕೊಡುವ ನಿಯೋಸ್ಟಿಗ್ಮಿನ್ ಕೂಡ ಕ್ವಾಟರ್ನರಿ. ಅದರ ಕೆಲಸ ತಿರುವುಮುರುವು, ಅಸಿಟೈಲ್‌ಕೋಲಿನ್ ಒಡೆದುಹೋಗದಂತೆ ತಡೆದು ಅದನ್ನು ಹೆಚ್ಚಿಸುವುದು.

ಮಳೆಗಾಲದಲ್ಲಿ ಕಾಪಿಡುವುದು

ನಮ್ಮ ಊರಿನಲ್ಲಿ ಇದೇ ದೊಡ್ಡ ಕೆಲಸ. ಡಬ್ಬಿಯ ಮೇಲೆ 'ಒಣ ಜಾಗದಲ್ಲಿಡಿ' ಅಂತ ಛಾಪಿಸಿದವರು ಜುಲೈ ತಿಂಗಳ ಆಗುಂಬೆ ನೋಡಿಲ್ಲ. ಹಪ್ಪಳ ಮೆತ್ತಗಾಗುವ ಗಾಳಿಗೆ ಕ್ಯಾಪ್ಸುಲ್ ಕೂಡ ಮೆತ್ತಗಾಗುತ್ತದೆ, ಒಳಗಿನ ಪುಡಿ ಹರಳುಗಟ್ಟುತ್ತದೆ. ಹರಳು ದಪ್ಪವಾದಷ್ಟೂ ಗಂಟಲು ದಾಟುವುದಿಲ್ಲ. ಹಾಳೆ ಒಡೆಯದ ಕ್ಯಾಪ್ಸುಲ್‌ಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಕೋಣೆಯ ಒಳಗೋಡೆಯ ಕಪಾಟಿನಲ್ಲಿಡಿ. ಬಚ್ಚಲಮನೆ ಬೇಡ, ಫ್ರಿಜ್ ಬೇಡ. ಒಣಗಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದಂತೂ ಬೇಡವೇ ಬೇಡ, ಅಲ್ಲಿ ಬಿಸಿ, ಹೊಗೆ ಎರಡೂ ಇವೆ.

ಯಂತ್ರವನ್ನು ವಾರಕ್ಕೊಮ್ಮೆ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆದು, ಕೊಡವಿ, ತೆರೆದೇ ಇಡಿ. ಒಣಗಲು ಒಂದು ಪೂರ್ತಿ ದಿನವಾದರೂ ಬಿಡಬೇಕು. ಬೇಸಿಗೆಯ ಶಿವಮೊಗ್ಗದಲ್ಲಿ ಅಷ್ಟು ಸಾಕು. ಪುನರ್ವಸು ಮಳೆಯಲ್ಲಿ ಅಂಗಿಯೇ ಮೂರು ದಿನಕ್ಕೆ ಒಣಗದ ಮನೆಗಳಲ್ಲಿ ಸಾಲದು. ತೇವ ಉಳಿದ ಯಂತ್ರಕ್ಕೆ ಕ್ಯಾಪ್ಸುಲ್ ಹಾಕಿದರೆ ಪುಡಿ ಅಲ್ಲೇ ಅಂಟಿಕೊಳ್ಳುತ್ತದೆ.

ಅಂಗಡಿಗೆ ಬರುವಾಗ ಯಂತ್ರ ಕೈಲಿ ಹಿಡಿದೇ ಬನ್ನಿ, ಎದುರಿಗೇ ಒಮ್ಮೆ ಎಳೆದು ತೋರಿಸಿ. ಗೌಡರು ಆವತ್ತು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು ನಾಲ್ಕು ಸಲ ಖಾಲಿ ಎಳೆದು, ಐದನೆಯದಕ್ಕೆ ಕ್ಯಾಪ್ಸುಲ್ ಹಾಕಿದರು. ಮೂರು ವಾರ ಬಿಟ್ಟು ಮತ್ತೆ ಬಂದಾಗ ಮೆಟ್ಟಿಲು ಹತ್ತಿ ಕೌಂಟರ್ ಹಿಡಿಯದೆ, ಕೊಡೆ ಕೊಡವುತ್ತಲೇ ಅಂದರು: "ಇನ್ನೊಂದು ಮಿಷನ್ ಕೊಡಿ ಮಾರಾಯ್ರೆ, ತೊಳ್ದಿದ್ದು ಒಣಗ್ತನೇ ಇಲ್ಲ."